ಒಂದು ಹಾಡು, ಕೋಟಿ ಕಂಠ

(‘ವಂದೇ ಮಾತರಂ’ ಗೀತೆಯ ಧಾಟಿಗಳನ್ನು ಕುರಿತು ವಾರಾಣಸಿಯ ಸೋನಾರ್‌ಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಾಠ)



ಒಂದೇ ಹಾಡನ್ನು ಬೇರೆ ಬೇರೆ ಮೇಳಗಳು ಹಾಡಿದಾಗ ಅವನ್ನು ಹೇಗೆ ತೂಗಿ ನೋಡಬೇಕು ಎಂಬುದು ಇವತ್ತಿನ ನನ್ನ ವಿಷಯ. ಸಾಮಾನ್ಯವಾಗಿ ನಾವು ಕೇಳುವ ಪ್ರಶ್ನೆ ಒಂದೇ: ಯಾರದು ಚೆನ್ನಾಗಿದೆ? ಕಚೇರಿಯ ಹಾಡಿಗೆ ಆ ಪ್ರಶ್ನೆ ಸಾಕು. ಆದರೆ ಊರಿಗೆ ಊರೇ ಎದ್ದು ನಿಂತು ಹಾಡಬೇಕಾದ ಗೀತೆಗಳಿವೆ. ಅವುಗಳ ಮುಂದೆ ನಿಂತಾಗ ಇನ್ನೊಂದು ಪ್ರಶ್ನೆ ಮೊದಲು ಬರಬೇಕು: ಈ ಧಾಟಿಯಲ್ಲಿ ಯಾರು ಯಾರು ದನಿಗೂಡಿಸಬಲ್ಲರು? ಸಂಗೀತ ಕಲಿಯದವರು, ಶ್ರುತಿ ಹಿಡಿಯಲು ತಡವರಿಸುವವರು, ಆರು ವರ್ಷದ ಮಗು, ಎಪ್ಪತ್ತರ ಅಜ್ಜಿ ಇವರಿಗೆಲ್ಲ ಇದರಲ್ಲಿ ಜಾಗವಿದೆಯೆ? ‘ವಂದೇ ಮಾತರಂ’ ಗೀತೆಯ ಒಂದೂವರೆ ಶತಮಾನದ ಚರಿತ್ರೆಯನ್ನು ಈ ಪ್ರಶ್ನೆ ಹಿಡಿದು ನಡೆದರೆ ಅದು ಬೇರೆಯಾಗಿಯೇ ಕಾಣುತ್ತದೆ.

ಈ ಹಾಡನ್ನೇ ಆರಿಸಿಕೊಳ್ಳಲು ಈ ಊರೂ ಕಾರಣ. ನಾವು ಸೇರಿರುವ ಸೋನಾರ್‌ಪುರದಿಂದ ಸ್ವಲ್ಪ ನಡೆದರೆ ಹನುಮಾನ್ ಘಾಟ್. ತಮಿಳು ಕವಿ ಸುಬ್ರಹ್ಮಣ್ಯ ಭಾರತಿಯವರು ಹದಿಹರೆಯದಲ್ಲಿ, 1898ರಿಂದ ಕೆಲವು ವರ್ಷ, ಅಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದಿದರು. ಮುಂದೆ ಅವರು ‘ವಂದೇ ಮಾತರಂ’ ಗೀತೆಯನ್ನು ಎರಡು ಸಲ ತಮಿಳಿಗೆ ತಂದರು. ಹನುಮಾನ್ ಘಾಟಿನ ಮಗ್ಗುಲಲ್ಲೇ ಮೈಸೂರು ಸಂಸ್ಥಾನ ಕಟ್ಟಿಸಿದ ಘಾಟ್ ಇದೆ. ಈಗ ಅದನ್ನು ಕರ್ನಾಟಕ ಘಾಟ್ ಎನ್ನುತ್ತೇವೆ. ಅದರಾಚೆ ಹರಿಶ್ಚಂದ್ರ ಘಾಟ್. ರಾಘವಾಂಕನನ್ನು ಓದಿದ ಕನ್ನಡಿಗನಿಗೆ ಆ ಹೆಸರು ಕೇಳಿದರೆ ಸಾಕು. ಇನ್ನು ಪಕ್ಕದ ಬಂಗಾಳಿ ಟೋಲಾ ಈ ಹಾಡು ಬರೆದ ಬಂಕಿಮಚಂದ್ರರ ಭಾಷೆಯವರ ಕೇರಿ. ಹೀಗೆ ತಮಿಳರು, ಕನ್ನಡಿಗರು, ಬಂಗಾಳಿಗಳು ಒಂದೇ ಗಲ್ಲಿಯ ನೀರು ಕುಡಿದ ಜಾಗವಿದು. ಇದೇ ಊರಿನಲ್ಲಿ 1905ರ ಡಿಸೆಂಬರಿನಲ್ಲಿ ಆ ಹಾಡಿಗೆ ಆದದ್ದೇನು ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹಾಡಿನ ಹುಟ್ಟು.

ಬಂಕಿಮಚಂದ್ರ ಚಟರ್ಜಿಯವರು ಇದನ್ನು 1875ರ ಸುಮಾರಿಗೆ ಬರೆದರು. 2025ರ ನವೆಂಬರ್ 7ರಂದು ದೇಶ ಅದರ 150ನೇ ವರ್ಷಾಚರಣೆ ಆರಂಭಿಸಿತು. ಗೀತೆ ‘ಆನಂದಮಠ’ ಕಾದಂಬರಿಯೊಳಗೆ ಸೇರಿತು, ಕಾದಂಬರಿ 1882ರಲ್ಲಿ ಪುಸ್ತಕವಾಯಿತು. ಬಂಕಿಮರನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರಿಂದಾಗಿ ನಮ್ಮ ಅಜ್ಜಂದಿರ ಕಾಲದವರು ಈ ಕಾದಂಬರಿಯನ್ನು ಮನೆಮಾತಿನಲ್ಲೇ ಓದಿದರು. ಅದರಲ್ಲಿ ಹಾಡಿನ ಜೊತೆಗೆ ಮಲ್ಹಾರ್ ರಾಗ, ಕವ್ವಾಲಿ ತಾಳ ಎಂಬ ಸೂಚನೆಯಿದೆ. ಮೊದಲ ಸಲ ಭವಾನಂದ ದಾರಿಯಲ್ಲಿ ಒಬ್ಬನೇ ಹಾಡುತ್ತಾನೆ. ಪಕ್ಕದಲ್ಲಿರುವವನು ಮಹೇಂದ್ರನೊಬ್ಬನೇ. ಮುಂದೆ ಯುದ್ಧದ ಹೊತ್ತಿಗೆ ಅದೇ ಹಾಡು ಸಾವಿರಾರು ಬಂಡಾಯಗಾರರ, ಅಂದರೆ ಸಂತಾನರ, ಕಂಠದಲ್ಲಿ ಏಳುತ್ತದೆ. ಬಂಕಿಮರು ಒಂದೇ ಕೃತಿಯೊಳಗೆ ಹಾಡಿಗೆ ಎರಡು ಬಾಳು ಕೊಟ್ಟಿದ್ದಾರೆ: ಒಬ್ಬನ ಆಲಾಪ, ಗುಂಪಿನ ಘೋಷ. ಒಬ್ಬ ಹಾಡುವಾಗ ಕಣ್ಣಲ್ಲಿ ನೀರು ಬರುತ್ತದೆ, ಗುಂಪು ಹಾಡುವಾಗ ಹೆಜ್ಜೆ ಬೀಳುತ್ತದೆ. ಕಣ್ಣೀರು ತರಿಸುವ ಧಾಟಿಗೆ ಹೆಜ್ಜೆ ಹಾಕಿಸುವುದು ಕಷ್ಟ. ಮುಂದಿನ ಸಂಯೋಜಕರೆಲ್ಲ ತಿಣುಕಾಡಿದ್ದು ಇಲ್ಲಿಯೇ.

ರವೀಂದ್ರನಾಥ ಠಾಕೂರರು 1896ರ ಕಲ್ಕತ್ತ ಕಾಂಗ್ರೆಸ್ ಅಧಿವೇಶನದಲ್ಲಿ ಇದನ್ನು ಹಾಡಿದರು. ಅವರ ಧಾಟಿ ದೇಸ್ ರಾಗದಲ್ಲಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವರೇ ಹಾಡಿ ಮುದ್ರಿಸಿದ ಧ್ವನಿ ಉಳಿದು ಬಂದಿದೆ. ಸಭೆ ಆರಂಭವಾಗುವ ಮುನ್ನ ನಿಮಗೆ ಕೇಳಿಸಿದ್ದು ಅದನ್ನೇ. ಉಜ್ಜಿದ ಸದ್ದಿನ ನಡುವೆ ಎತ್ತರದ ಸ್ಥಾಯಿಯಲ್ಲಿ ಹೋಗುವ ತೆಳುವಾದ ಗಂಡು ಕಂಠ. ವಾದ್ಯದ ಅಬ್ಬರವಿಲ್ಲ. ದೇಸ್ ಮಳೆಗಾಲದ ರಾತ್ರಿಯ ರಾಗ. ಏರುವಾಗ ಶುದ್ಧ ನಿಷಾದ, ಇಳಿಯುವಾಗ ಕೋಮಲ ನಿಷಾದ. ಇಳಿಯುವಲ್ಲಿ ಪಂಚಮದಿಂದ ಮಧ್ಯಮ ಗಾಂಧಾರ ಸವರಿ ರಿಷಭಕ್ಕೆ ಬಂದು ನಿಲ್ಲುವ ಆ ಬಳುಕಿನಲ್ಲೇ ರಾಗದ ಜೀವವಿದೆ. ಮಲ್ಹಾರಕ್ಕೆ ಇದು ಹತ್ತಿರದ ನೆಂಟ, ಆದ್ದರಿಂದ ಬಂಕಿಮರ ಸೂಚನೆಯಿಂದ ಠಾಕೂರರು ತೀರ ದೂರ ಹೋಗಲಿಲ್ಲ. ನೀರು, ಹಣ್ಣು, ತಂಗಾಳಿ, ಬೆಳದಿಂಗಳ ವರ್ಣನೆಯಿರುವ ಮೊದಲ ಚರಣಗಳಿಗೆ ಇದಕ್ಕಿಂತ ಒಪ್ಪುವ ರಾಗ ಇದ್ದೀತೆಂದು ನನಗೆ ತೋರುವುದಿಲ್ಲ. ಆದರೆ ಆ ಎರಡು ನಿಷಾದಗಳನ್ನು ಐನೂರು ಜನರ ಗುಂಪಿನಿಂದ ಹೇಳಿಸಿ ನೋಡಿ. ಅರ್ಧ ಜನ ಒಂದನ್ನು, ಅರ್ಧ ಜನ ಇನ್ನೊಂದನ್ನು ಹಿಡಿಯುತ್ತಾರೆ, ಬಳುಕು ಹೋಗಿ ಬರಿಯ ಜಾರಿಕೆ ಉಳಿಯುತ್ತದೆ.

ಠಾಕೂರರು ಮೊದಲ ಭಾಗಕ್ಕೆ ಧಾಟಿ ಹಾಕಿ, ಉಳಿದದ್ದನ್ನು ನೀನೇ ಮುಗಿಸು ಎಂದು ಹೇಳಿದ್ದು ಅಕ್ಕನ ಮಗಳಿಗೆ. ಆಕೆ ಸರಳಾದೇವಿ ಚೌಧುರಾಣಿ, ಲೇಖಕಿ ಸ್ವರ್ಣಕುಮಾರಿ ದೇವಿಯವರ ಮಗಳು, 1872ರಲ್ಲಿ ಹುಟ್ಟಿದವರು. ಕನ್ನಡಿಗರಿಗೆ ಅವರ ಹೆಸರು ಇನ್ನೂ ಹೆಚ್ಚು ಪರಿಚಯವಾಗಬೇಕು. 1890ರ ದಶಕದ ನಡುವಿನಲ್ಲಿ, ಮದುವೆಗೆ ಮೊದಲು, ಅವರು ಒಬ್ಬರೇ ಮೈಸೂರಿಗೆ ಬಂದು ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದರು. ಮನೆಯಿಂದ ಇಷ್ಟು ದೂರ ಬಂದು ಸಂಬಳಕ್ಕೆ ದುಡಿಯುವ ಮೇಲ್ವರ್ಗದ ಬಂಗಾಳಿ ಯುವತಿ ಆ ಕಾಲಕ್ಕೆ ಅಪರೂಪ. ಮೈಸೂರಿನಲ್ಲಿ ಅವರು ಇಲ್ಲಿಯ ಹಾಡುಗಳನ್ನು ಕೇಳಿ ಕಲಿತು, ಸೋದರಮಾವನಿಗೆ ಕಾಣಿಕೆಯಾಗಿ ಒಯ್ದರು. ರವೀಂದ್ರ ಸಂಗೀತದ ‘ಆನಂದಲೋಕೇ’ ಎಂಬ ಪ್ರಸಿದ್ಧ ಪ್ರಾರ್ಥನೆಯ ಧಾಟಿ ಹೀಗೆ ಮೈಸೂರಿನಿಂದ ಹೋದದ್ದು. ಇಲ್ಲಿರುವ ಬಂಗಾಳಿ ಗೆಳೆಯರಲ್ಲಿ ಎಷ್ಟೋ ಜನ ಅದನ್ನು ಬಾಲ್ಯದಿಂದ ಹಾಡಿರುತ್ತೀರಿ. ನೀವು ಹಾಡಿದ್ದು ನಮ್ಮೂರ ಧಾಟಿ ಎಂದು ಹೇಳಲು ನನಗೆ ಸಂತೋಷವಾಗುತ್ತದೆ. ಠಾಕೂರರಿಗೆ ಕನ್ನಡದ ಕಡಲತೀರ ಅದಕ್ಕೂ ಮೊದಲೇ ಗೊತ್ತಿತ್ತು. 1883ರಲ್ಲಿ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಅವರು ಅಲ್ಲಿ ತಂಗಿದ್ದರು.

ಈಗ 1905ಕ್ಕೆ ಬರೋಣ. ಆ ಅಕ್ಟೋಬರಿನಲ್ಲಿ ಬಂಗಾಳ ಎರಡಾಯಿತು. ಕಲ್ಕತ್ತದ ಉತ್ತರ ಭಾಗದಲ್ಲಿ ‘ಬಂದೇ ಮಾತರಂ ಸಂಪ್ರದಾಯ’ ಎಂಬ ಕೂಟ ಕಟ್ಟಿಕೊಂಡ ಜನ ಭಾನುವಾರ ಬೆಳಗ್ಗೆ ಬೀದಿ ಬೀದಿ ಹಾಡುತ್ತ ಹೋಗತೊಡಗಿದರು. ಠಾಕೂರರೂ ಕೆಲವೊಮ್ಮೆ ಜೊತೆಗೂಡುತ್ತಿದ್ದರು. ನನ್ನ ಲೆಕ್ಕದಲ್ಲಿ ಈ ಹಾಡಿನ ಮೊದಲ ನಿಜವಾದ ಮೇಳ ಅದು. ವೇದಿಕೆಯಿಲ್ಲ, ಟಿಕೆಟಿಲ್ಲ, ನಡೆಯುತ್ತ ಹಾಡಬೇಕು, ಉಸಿರು ಹೆಜ್ಜೆಗೆ ಹೊಂದಬೇಕು. ದೇಸ್ ಬೀದಿಗೆ ಬಂದದ್ದು ಆಗ. ಅದೇ ಡಿಸೆಂಬರಿನಲ್ಲಿ ಗೋಪಾಲಕೃಷ್ಣ ಗೋಖಲೆಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಕಾಶಿಯಲ್ಲಿ ಸೇರಿತು. ಭಾರತಿಯವರೂ ಆ ಸಭೆಗೆ ಬಂದಿದ್ದರು. ಪೂರ್ವ ಬಂಗಾಳದಲ್ಲಿ ಬೀದಿಯಲ್ಲಿ ಆ ಎರಡು ಪದ ಕೂಗುವುದಕ್ಕೇ ನಿಷೇಧ ಬೀಳುತ್ತಿದ್ದ ದಿನಗಳವು. ಸಭಿಕರು ಹಾಡಬೇಕೆಂದು ಕೇಳಿದರು, ಸರಳಾದೇವಿ ಎದ್ದು ಹಾಡಿದರು.

ಅವರು ಹಾಡಿದ್ದು ಬಂಕಿಮರು ಬರೆದ ಹಾಗೆಯೇ ಅಲ್ಲ. ಮೂರನೆಯ ಚರಣದಲ್ಲಿ ತಾಯಿಯ ಮಕ್ಕಳ ಕಂಠಗಳ ಲೆಕ್ಕ ಬರುತ್ತದೆ. ಬಂಕಿಮರು ಇಟ್ಟಿದ್ದು ಏಳು ಕೋಟಿ. ಅದು ಬಿಹಾರ, ಒರಿಸ್ಸಾ, ಅಸ್ಸಾಮುಗಳು ಸೇರಿದ್ದ ಆಗಿನ ಬಂಗಾಳ ಪ್ರಾಂತದ ಜನಸಂಖ್ಯೆಯ ಅಂದಾಜು. ಸರಳಾದೇವಿ ಅದನ್ನು ಮೂವತ್ತು ಕೋಟಿ ಮಾಡಿದರು. 1901ರ ಜನಗಣತಿಯಲ್ಲಿ ಇಡೀ ಭಾರತದ ಜನಸಂಖ್ಯೆ ಸುಮಾರು 29 ಕೋಟಿ. ಒಂದು ಅಂಕಿ ಬದಲಾದದ್ದರಿಂದ ತಮಿಳ, ಮರಾಠಿಗ, ಕನ್ನಡಿಗ, ಪಂಜಾಬಿ ಎಲ್ಲರೂ ಹಾಡಿನೊಳಗೆ ಬಂದರು. ಸಂಗೀತದ ಕಣ್ಣಿನಿಂದ ನೋಡಿದರೆ ಇದು ಈ ಹಾಡಿನ ಬಹು ದೊಡ್ಡ ಮರುರೂಪ. ಧಾಟಿ ಅದೇ, ರಾಗ ಅದೇ. ಹಾಡುವವರು ಯಾರು ಎಂಬುದಷ್ಟೇ ಬೇರೆಯಾಯಿತು. ಅದು ಕಲ್ಕತ್ತದಲ್ಲಲ್ಲ, ಎಲ್ಲ ಪ್ರಾಂತದವರೂ ಬಂದು ನೆಲೆಸುವ ಕಾಶಿಯಲ್ಲಿ ಆಯಿತು. ಹಾಡಿದ ಹೆಣ್ಣುಮಗಳು ಮೈಸೂರಿನಲ್ಲಿ ಕನ್ನಡದ ಮಕ್ಕಳ ನಡುವೆ ಇದ್ದು ಬಂದವಳು. ಬಂಗಾಳದ ಗಡಿಯಾಚೆಗೂ ತಾಯಿಯ ಮಕ್ಕಳಿದ್ದಾರೆ ಎಂಬುದು ಅವಳಿಗೆ ಪುಸ್ತಕದಿಂದ ಬಂದ ತಿಳಿವಲ್ಲ ಎಂದು ನಾನು ನಂಬಿದ್ದೇನೆ.

ಮುಂದಿನ ದೊಡ್ಡ ಹೆಸರು ವಿಷ್ಣು ದಿಗಂಬರ ಪಲುಸ್ಕರ್. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದವರು. ಸಂಗೀತವನ್ನು ಮೆಹಫಿಲಿನಿಂದ ತರಗತಿಗೆ, ತರಗತಿಯಿಂದ ಮೈದಾನಕ್ಕೆ ತಂದವರು. ‘ವಂದೇ ಮಾತರಂ’ಗೆ ಅವರು ಕೊಟ್ಟದ್ದು ಕಾಫಿ ರಾಗ, ಗಾಂಧಾರ ನಿಷಾದ ಎರಡೂ ಕೋಮಲ. ಹೋಳಿಯ ಹಾಡು, ಭಜನೆ, ಠುಮರಿಗಳಿಂದ ಉತ್ತರದ ಜನಕ್ಕೆ ಕಿವಿಯಲ್ಲೇ ಇರುವ ರಾಗ; ಬನಾರಸಿನವರಿಗಂತೂ ಹೇಳಿಕೊಡಬೇಕಾಗಿಲ್ಲ. ರಾಗವನ್ನು ಆರಿಸುವಾಗ ಜನರ ಕಿವಿ ಈಗಾಗಲೇ ಎಲ್ಲಿದೆ ಎಂದು ನೋಡಿದ ಮೊದಲ ಸಂಯೋಜಕರು ಪಲುಸ್ಕರ್ ಎಂಬುದು ನನ್ನ ಅಭಿಪ್ರಾಯ. ಕಾಂಗ್ರೆಸ್ ಅಧಿವೇಶನಗಳಲ್ಲಿ ಅವರು ಇದನ್ನು ಹಾಡುವುದು ರೂಢಿಯೇ ಆಯಿತು. 1923ರ ಕಾಕಿನಾಡ ಅಧಿವೇಶನದಲ್ಲಿ ಅಧ್ಯಕ್ಷ ಮೌಲಾನಾ ಮಹಮ್ಮದ್ ಅಲಿಯವರು ಹಾಡಿಗೆ ಆಕ್ಷೇಪಿಸಿದರು. ಪಲುಸ್ಕರರು ನಿಲ್ಲಿಸದೆ ಹಾಡಿ ಮುಗಿಸಿದರು. ಪಲುಸ್ಕರರ ದಿಟ್ಟತನವನ್ನು ಕೊಂಡಾಡುವವರು ಬಹಳ. ಆದರೆ ದನಿಗೂಡಿಸುವವರು ಯಾರು ಎಂಬ ನಮ್ಮ ಪ್ರಶ್ನೆಗೆ ಆ ದಿನ ಒಂದು ಕಠಿಣ ಉತ್ತರವೂ ಸಿಕ್ಕಿತು. ಧಾಟಿ ಎಷ್ಟೇ ಸುಲಭವಿದ್ದರೂ ಪದಗಳು ಕೆಲವರನ್ನು ಹೊರಗೆ ನಿಲ್ಲಿಸಬಹುದು.

ಮರುವರ್ಷ, 1924ರಲ್ಲಿ, ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಅಧಿವೇಶನ. ಕನ್ನಡಿಗರಿಗೆ ಅದು ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಮೊಳಗಿದ ಅಧಿವೇಶನ. ಅಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಒಬ್ಬಳು ಮುಂದೆ ಗಂಗೂಬಾಯಿ ಹಾನಗಲ್ ಆದಳು. ಕಿರಾಣಾ ಘರಾಣೆಯ ಆ ಗಂಭೀರ ಕಂಠ ಜನರ ಮುಂದೆ ನಿಂತದ್ದು ಹೀಗೆ, ಹತ್ತಾರು ಹುಡುಗಿಯರ ಸಾಲಿನಲ್ಲಿ. ಒಳ್ಳೆಯ ಒಂಟಿ ಕಂಠಗಳನ್ನು ಮೊದಲು ಬೆಳೆಸುವುದು ಗುಂಪಿನ ಹಾಡೇ ಎಂಬುದಕ್ಕೆ ನಮ್ಮ ನಾಡಿನ ಸಾಕ್ಷಿ ಇದು.

1937ರ ಅಕ್ಟೋಬರ್ ಕೊನೆಯಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಕಲ್ಕತ್ತದಲ್ಲಿ ಸೇರಿ, ಸಭೆಗಳಲ್ಲಿ ಮೊದಲ ಎರಡು ಚರಣ ಮಾತ್ರ ಹಾಡಬೇಕೆಂದು ತೀರ್ಮಾನಿಸಿತು. ಠಾಕೂರರ ಸಲಹೆಯೂ ಅದೇ ಆಗಿತ್ತು. ತಾಯ್ನೆಲದ ಚೆಲುವನ್ನು ಹಾಡುವ ಮೊದಲ ಭಾಗ ಸ್ವತಂತ್ರವಾಗಿ ನಿಲ್ಲಬಲ್ಲದು, ಮುಂದಿನ ಭಾಗ ಮುಸಲ್ಮಾನ ಬಂಧುಗಳ ಮನಸ್ಸಿಗೆ ನೋವು ತರಬಹುದು ಎಂಬುದು ಅವರ ಮಾತಿನ ತಿರುಳು. ಇತರ ಗೀತೆಗಳನ್ನು ಪರಿಶೀಲಿಸಲು ಮೌಲಾನಾ ಆಜಾದ್, ನೆಹರೂ, ಸುಭಾಷ್‌ಚಂದ್ರ ಬೋಸ್, ಆಚಾರ್ಯ ನರೇಂದ್ರದೇವ ಇದ್ದ ಉಪಸಮಿತಿಯನ್ನೂ ಮಾಡಿದರು. ನರೇಂದ್ರದೇವರು ಕಾಶಿ ವಿದ್ಯಾಪೀಠದ ಆಚಾರ್ಯರು, ಮುಂದೆ ಹಿಂದೂ ವಿಶ್ವವಿದ್ಯಾಲಯದ ಕುಲಪತಿಗಳೂ ಆದವರು. ಈ ತೀರ್ಮಾನವನ್ನು ಕುರಿತು ಇಂದಿಗೂ ವಾದವಿದೆ. ಸಂಗೀತಗಾರನಾಗಿ ನನಗೆ ಕಾಣುವ ಒಂದು ಅಂಶವನ್ನಷ್ಟೇ ಹೇಳುತ್ತೇನೆ. ಕೋಟಿ ಕಂಠಗಳ ಲೆಕ್ಕ ಬರುವುದು ಮೂರನೆಯ ಚರಣದಲ್ಲಿ. ಅದು ಬಿಟ್ಟುಹೋದ ಮೇಲೆ, ಇದು ಎಲ್ಲರ ಹಾಡು ಎಂದು ಹೇಳುವ ಪದ ಹಾಡಿನಲ್ಲಿ ಉಳಿಯಲಿಲ್ಲ. ಆ ಮಾತನ್ನು ಇನ್ನು ಧಾಟಿಯೇ ಹೇಳಬೇಕು. ಎರಡು ಚರಣಗಳನ್ನು ಒಬ್ಬರೇ ಗಾಯಕರು ಮೈಕಿನ ಮುಂದೆ ಹಾಡಿ, ಉಳಿದವರು ಕೈಕಟ್ಟಿ ನಿಂತರೆ ಆ ಕೆಲಸ ಆಗುವುದಿಲ್ಲ.

ಆ ಕೆಲಸಕ್ಕೆ ನೇರವಾಗಿ ಕೈಹಾಕಿದವರು ಇಬ್ಬರು. ಒಬ್ಬರು ಸರೋದ್ ವಾದಕ ತಿಮಿರ್ ಬರನ್. ಬೋಸರ ಇಚ್ಛೆಯಂತೆ ಅವರು ಹಾಡನ್ನು ದುರ್ಗಾ ರಾಗಕ್ಕೆ ಒಗ್ಗಿಸಿ ವಾದ್ಯವೃಂದದೊಡನೆ ಸಿದ್ಧಮಾಡಿದರು. ದುರ್ಗಾದಲ್ಲಿ ಗಾಂಧಾರವಿಲ್ಲ, ನಿಷಾದವಿಲ್ಲ. ಉಳಿದ ಐದೂ ಶುದ್ಧ ಸ್ವರಗಳು. ಕರ್ನಾಟಕ ಸಂಗೀತದವರು ಶುದ್ಧ ಸಾವೇರಿ ಎನ್ನುವುದು ಇದನ್ನೇ. ದೇಸ್ ರಾಗದಲ್ಲಿ ಗುಂಪು ಎಡವುತ್ತಿದ್ದ ನಿಷಾದದ ತೊಡಕೇ ಇಲ್ಲಿಲ್ಲ. ಹಳ್ಳಿಯ ಹಾಡುಗಳಲ್ಲಿ ಐದು ಸ್ವರದ ಧಾಟಿಗಳು ಹೇರಳ, ಆದ್ದರಿಂದ ತರಬೇತಿಯಿಲ್ಲದ ಕಂಠ ಅದರಲ್ಲಿ ನೆಮ್ಮದಿಯಾಗಿ ನಡೆಯುತ್ತದೆ. ತಾಳಕ್ಕೆ ಕಾಲು ತಾನಾಗಿ ಏಳುತ್ತದೆ. ಆದರೆ ಮೊದಲ ಚರಣದ ತಂಪು ಇದರಲ್ಲಿ ಕಡಿಮೆ. ಬೆಳದಿಂಗಳ ರಾತ್ರಿಯ ವರ್ಣನೆಯನ್ನು ಕವಾಯಿತಿನ ಹೆಜ್ಜೆಯಲ್ಲಿ ಕೇಳುವಾಗ ಕವಿತೆಗೆ ಅನ್ಯಾಯವಾಯಿತೆ ಎನಿಸುತ್ತದೆ.

ಇನ್ನೊಬ್ಬರು ಮಾಸ್ಟರ್ ಕೃಷ್ಣರಾವ್ ಫುಲಂಬ್ರೀಕರ್. ಇವರು ಭಾಸ್ಕರಬುವಾ ಬಖಲೆಯವರ ಶಿಷ್ಯರು. ಬಖಲೆಯವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದವರಾದ್ದರಿಂದ ಈ ಎಳೆಯೂ ನಮ್ಮ ಕಡೆ ಬರುತ್ತದೆ. ಮರಾಠಿ ರಂಗಭೂಮಿಯಲ್ಲಿ, ಪ್ರಭಾತ್ ಚಿತ್ರಗಳಲ್ಲಿ ದುಡಿದಿದ್ದ ಕೃಷ್ಣರಾಯರಿಗೆ ಸಾಮಾನ್ಯ ಜನ ಯಾವುದನ್ನು ಕೇಳಿದೊಡನೆ ಗುನುಗುತ್ತಾರೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅವರು ಆರಿಸಿದ್ದು ಝಿಂಝೋಟಿ, ನಮ್ಮ ಚೆಂಚುರುಟ್ಟಿಗೆ ಸಮೀಪದ ರಾಗ. ಅದರ ಓಡಾಟ ಬಹುಪಾಲು ಮಂದ್ರ ಮಧ್ಯ ಸ್ಥಾಯಿಗಳಲ್ಲಿ. ಮೇಳ ನಡೆಸಿದವರಿಗೆ ಇದರ ಬೆಲೆ ತಿಳಿಯುತ್ತದೆ. ಗಂಡಸರಿಗೆ ಹಿತವಾದ ಶ್ರುತಿಗೆ ಹೆಂಗಸರು ಹಾಡಿದರೆ ದನಿ ಕೆಳಗೆ ಮುಳುಗುತ್ತದೆ. ಹೆಂಗಸರ ಶ್ರುತಿಗೆ ಗಂಡಸರು ಹಾಡಿದರೆ ತಾರಷಡ್ಜದಲ್ಲಿ ದನಿ ಒಡೆಯುತ್ತದೆ. ಧಾಟಿಯ ವ್ಯಾಪ್ತಿ ಕಿರಿದಾದಷ್ಟೂ ಇಬ್ಬರಿಗೂ ಒಪ್ಪುವ ಶ್ರುತಿ ಹುಡುಕುವುದು ಸುಲಭ. ಕೃಷ್ಣರಾಯರು ಈ ಧಾಟಿಯನ್ನು ಬ್ಯಾಂಡಿಗೂ ಅಳವಡಿಸಿ, ಇದು ರಾಷ್ಟ್ರಗೀತೆಯಾಗಬಲ್ಲದು ಎಂದು ತೋರಿಸಲು ದೆಹಲಿಗೆ ಹೋಗಿ ಸಂವಿಧಾನ ಸಭೆಯ ಸದಸ್ಯರ ಮುಂದೆ ಹಾಡಿದರು. ಒಂದು ಗೀತೆಗಾಗಿ ಒಬ್ಬ ಸಂಗೀತಗಾರ ಇಷ್ಟು ವರ್ಷ ಓಡಾಡಿದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಅವರ ಪ್ರಯತ್ನ ಫಲಿಸಲಿಲ್ಲ. 1948ರ ಆಗಸ್ಟ್ 25ರಂದು ನೆಹರೂ ಸಭೆಯಲ್ಲಿ ಮಾತಾಡುತ್ತ, ರಾಷ್ಟ್ರಗೀತೆಗೆ ಪದಕ್ಕಿಂತ ಧಾಟಿಯೇ ಹೆಚ್ಚು ಮುಖ್ಯ, ಹೊರದೇಶದ ವಾದ್ಯವೃಂದಗಳಿಗೆ ‘ಜನಗಣಮನ’ ಒಗ್ಗಿದೆ, ‘ವಂದೇ ಮಾತರಂ’ ಅಷ್ಟು ಒಗ್ಗುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ‘ಜನಗಣಮನ’ದ ಧಾಟಿಯನ್ನು ಬಿಡಿಸಿ ನೋಡಿದರೆ ಅವರ ಮಾತಿನ ಒಂದು ಪಾಲು ಒಪ್ಪಬೇಕಾಗುತ್ತದೆ. ಹೆಚ್ಚಿನ ಕಡೆ ಒಂದು ಅಕ್ಷರಕ್ಕೆ ಒಂದೇ ಸ್ವರ, ದೊಡ್ಡ ಜಿಗಿತಗಳಿಲ್ಲ, 52 ಸೆಕೆಂಡಿನಲ್ಲಿ ಮುಗಿಯುತ್ತದೆ. ಆದರೆ ಕೃಷ್ಣರಾಯರ ಝಿಂಝೋಟಿಯನ್ನು ಕೇಳಿದ ಮೇಲೆ, ‘ವಂದೇ ಮಾತರಂ’ ವಾದ್ಯವೃಂದಕ್ಕೆ ಒಗ್ಗುವುದಿಲ್ಲ ಎಂಬ ವಾದ ಪೂರ್ತಿ ನಿಲ್ಲುವುದಿಲ್ಲ ಎಂದೂ ಹೇಳಲೇಬೇಕು. ಆಯ್ಕೆಗೆ ಬೇರೆ ಕಾರಣಗಳಿದ್ದವು, ಅವು ಸಣ್ಣವಲ್ಲ. ಆದರೆ ಧಾಟಿಯ ಮೇಲೆ ಆ ಹೊರೆ ಹೊರಿಸಬೇಕಾಗಿರಲಿಲ್ಲ. 1950ರ ಜನವರಿ 24ರಂದು ರಾಜೇಂದ್ರ ಪ್ರಸಾದರು ಸಂವಿಧಾನ ಸಭೆಯಲ್ಲಿ ‘ಜನಗಣಮನ’ ರಾಷ್ಟ್ರಗೀತೆ, ‘ವಂದೇ ಮಾತರಂ’ಗೆ ಅದಕ್ಕೆ ಸಮನಾದ ಗೌರವ ಎಂದು ಪ್ರಕಟಿಸಿದರು. ಆ ದಿನ ಸದನದೊಳಗೇ ಎರಡು ಮೇಳಗಳು ಎದ್ದವು. ಪೂರ್ಣಿಮಾ ಬ್ಯಾನರ್ಜಿ ಮತ್ತಿತರ ಸದಸ್ಯರು ‘ಜನಗಣಮನ’ ಹಾಡಿದರು; ಪಂಡಿತ ಲಕ್ಷ್ಮೀಕಾಂತ ಮೈತ್ರ ಮತ್ತಿತರ ಸದಸ್ಯರು ‘ವಂದೇ ಮಾತರಂ’ ಹಾಡಿದರು. ಹಾಡಿದವರು ಕಲಾವಿದರಲ್ಲ, ಜನಪ್ರತಿನಿಧಿಗಳು. ಆ ಎರಡು ಮೇಳಗಳ ಶ್ರುತಿಶುದ್ಧಿಯನ್ನು ಯಾರೂ ಅಳೆಯಬೇಕಾಗಿಲ್ಲ.

ಇಷ್ಟೆಲ್ಲದರ ನಡುವೆ ಕಾಶಿಗೆ ಸೇರಿದ ಇನ್ನೊಬ್ಬರ ಹಾಡನ್ನು ನಾನು ಬೇರೆಯಾಗಿ ಎತ್ತಿ ಇಟ್ಟಿದ್ದೇನೆ. 1947ರ ಆಗಸ್ಟ್ 14ರ ರಾತ್ರಿ ಸಂವಿಧಾನ ಸಭೆಯಲ್ಲಿ ಸುಚೇತಾ ಕೃಪಲಾನಿಯವರು ಮೊದಲ ಚರಣ ಹಾಡಿದರು. ಬೆಳಗಾಗುತ್ತಲೇ ಆಕಾಶವಾಣಿಯಲ್ಲಿ ಪಂಡಿತ ಓಂಕಾರನಾಥ ಠಾಕುರರ ಕಂಠ ಕೇಳಿಬಂತು. ಇವರು ಪಲುಸ್ಕರರ ಶಿಷ್ಯರು; 1950ರಲ್ಲಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗ ಕಟ್ಟಿ ಬೆಳೆಸಿದವರು. ಪೂರ್ತಿ ಗೀತೆಯನ್ನೇ ಹಾಡುತ್ತೇನೆ ಎಂಬ ಷರತ್ತಿನ ಮೇಲೆ ಬಂದು, ನಿಂತು ಹಾಡಿದರು. ಗುರುಗಳ ಕಾಫಿಯ ನೆರಳು, ಬಂಗಾಳದ ಲೇಪ. ‘ಬಂಗೀಯ ಕಾಫಿ’ ಎನ್ನುತ್ತಾರೆ. ಪಿಸುಮಾತಿನಿಂದ ಗರ್ಜನೆಯವರೆಗೆ ಏರುವ ಅವರ ಕಂಠ ಒಂದೊಂದು ವಿಶೇಷಣಕ್ಕೂ ಬೇರೆ ಬೇರೆ ಬಣ್ಣ ಹಚ್ಚುತ್ತ ಹೋಗುತ್ತದೆ. ಇದರ ಜೊತೆಗೆ ಯಾರೂ ಹಾಡಲಾರರು, ಹಾಡಲೂಬಾರದು. ಕುಳಿತು ಕೇಳಬೇಕು. ದಿಲೀಪ್‌ಕುಮಾರ್ ರಾಯ್ ಮತ್ತು ಎಂ.ಎಸ್. ಸುಬ್ಬುಲಕ್ಷ್ಮಿ ಕೂಡಿ ಹಾಡಿದ ಮುದ್ರಿಕೆಯೂ ಇದೇ ಜಾತಿಯದು. ಅಲ್ಲಿ ಉತ್ತರ ದಕ್ಷಿಣದ ಎರಡು ಕಂಠಗಳು ಒಂದಾಗುವುದೇ ಒಂದು ಸೊಗಸು, ಆದರೆ ಅದೂ ಕೇಳಲಿಕ್ಕೆಂದೇ ಹುಟ್ಟಿದ ಗಾಯನ.

ಸಿನಿಮಾದ ದಾರಿ ಬೇರೆ. 1952ರ ‘ಆನಂದಮಠ’ ಹಿಂದಿ ಚಿತ್ರಕ್ಕೆ ಹೇಮಂತಕುಮಾರರು ಹೊಸ ಧಾಟಿ ಹಾಕಿದರು. ಮುಂದೆ ಲತಾ, ಹಿಂದೆ ಮೇಳ. ಹೆಜ್ಜೆಯ ಲಯವೂ ಉಂಟು, ಒಂಟಿ ಕಂಠದ ಮಾಧುರ್ಯವೂ ಉಂಟು. ಬಂಕಿಮರು ಕಾದಂಬರಿಯಲ್ಲಿ ಬೇರೆ ಬೇರೆಯಾಗಿ ಇಟ್ಟದ್ದನ್ನು ಹೇಮಂತರು ಒಂದೇ ತಟ್ಟೆಯಲ್ಲಿ ಬಡಿಸಿದರು ಎನ್ನಬಹುದು. 2002ರ ಬಿಬಿಸಿ ಸಮೀಕ್ಷೆಯಲ್ಲಿ ಕೇಳುಗರು ಇದಕ್ಕೆ ಜಗತ್ತಿನ ಹಾಡುಗಳಲ್ಲಿ ಎರಡನೆಯ ಸ್ಥಾನ ಕೊಟ್ಟರು. 1997ರಲ್ಲಿ ಎ.ಆರ್. ರೆಹಮಾನ್ ಹೊರತಂದದ್ದು ಹೊಸ ಹಾಡು. ಹಳೆಯ ಗೀತೆಯಿಂದ ಕರೆಯನ್ನಷ್ಟೇ ತೆಗೆದುಕೊಂಡದ್ದು. ಇವತ್ತಿನ ಹೋಲಿಕೆಯಲ್ಲಿ ಅದನ್ನು ಸೇರಿಸುವುದಿಲ್ಲ.

ನನ್ನ ತೀರ್ಪು ಹೇಳಿಬಿಡುತ್ತೇನೆ. ಕೇಳಲು ಓಂಕಾರನಾಥರದು. ಪದಕ್ಕೆ ಹೊಂದುವಲ್ಲಿ ರವೀಂದ್ರರ ದೇಸ್. ಇಂದಿಗೂ ಆಕಾಶವಾಣಿಯ ಬೆಳಗು ತೆರೆಯುವುದು ಆ ರಾಗದಲ್ಲೇ. ಸಾವಿರ ಜನ ಕೂಡಿ ಹಾಡಲು ಕೃಷ್ಣರಾಯರ ಝಿಂಝೋಟಿ. ಮೂರಕ್ಕೂ ಮೂರು ಬೇರೆ ಕೆಲಸ; ಒಂದು ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಇದೇ ಮಾತು ನಮ್ಮ ನಾಡಗೀತೆಗೂ ಸಲ್ಲುತ್ತದೆ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ಅಧಿಕೃತವಾಗಿ ನಾಡಗೀತೆಯಾಯಿತು. ಅದಕ್ಕೂ ಬಹಳ ಮೊದಲೇ ಮೈಸೂರು ಅನಂತಸ್ವಾಮಿ ಅದಕ್ಕೆ ಧಾಟಿ ಹಾಕಿದ್ದರು, ಸಿ. ಅಶ್ವಥ್ ಇನ್ನೊಂದನ್ನು ಹಾಕಿದರು. ಅನಂತಸ್ವಾಮಿಯವರದು ಸಮ ನಡೆಯದು, ಮಗುವೂ ಎರಡು ಸಲ ಕೇಳಿ ಹಿಡಿಯಬಲ್ಲದ್ದು. ಅಶ್ವಥ್ ಅವರದರಲ್ಲಿ ಆವೇಶವಿದೆ, ಏರಿಳಿತವಿದೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ ‘ಕನ್ನಡವೇ ಸತ್ಯ’ ಕಾರ್ಯಕ್ರಮದಲ್ಲಿ ಜನಸಾಗರವನ್ನು ಎದುರಿಗೆ ಕೂರಿಸಿಕೊಂಡು ಹಾಡಿದವರ ಧಾಟಿ ಅದು. ಯಾವುದನ್ನು ಹಾಡಬೇಕೆಂದು ವರ್ಷಗಟ್ಟಲೆ ಜಗ್ಗಾಟವಾಯಿತು, ಸಮಿತಿಗಳು ಕುಳಿತವು. ಸಾಲುಗಳನ್ನು ಮತ್ತೆ ಮತ್ತೆ ಎತ್ತಿ ಹಾಡಿ ಸಭೆಗಳಲ್ಲಿ ಗೀತೆ ಉದ್ದವಾಗುತ್ತಿದೆ ಎಂಬ ದೂರೂ ಇತ್ತು. ಕೊನೆಗೆ 2022ರ ಸೆಪ್ಟೆಂಬರಿನಲ್ಲಿ ಸರ್ಕಾರ, ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪ ಮತ್ತು ಪುನರಾವರ್ತನೆ ಇಲ್ಲದೆ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2024ರಲ್ಲಿ ಹೈಕೋರ್ಟು ತಳ್ಳಿಹಾಕಿತು.

ಆದೇಶ ಸರಿ ಎಂದು ನನ್ನ ಭಾವನೆ. ಕೂಡಿ ಹಾಡುವ ಹೊತ್ತಿನಲ್ಲಿ ಧಾಟಿ ಒಂದಿರಬೇಕು, ಅದು ಅತಿ ದುರ್ಬಲ ಕಂಠಕ್ಕೂ ನಿಲುಕಬೇಕು. ಆದರೆ ಅಶ್ವಥ್ ಧಾಟಿಯನ್ನು ಪ್ರೀತಿಸುವವರ ನೋವನ್ನೂ ನಾನು ಗೌರವಿಸುತ್ತೇನೆ. ಸರ್ಕಾರಿ ಆದೇಶ ಸಮಾರಂಭಕ್ಕೆ ಮಾತ್ರ. ಸುಗಮ ಸಂಗೀತದ ವೇದಿಕೆಯಲ್ಲಿ, ಮನೆಯಲ್ಲಿ, ಧ್ವನಿಮುದ್ರಿಕೆಯಲ್ಲಿ ಆ ಧಾಟಿ ಬಾಳಲೇಬೇಕು. ‘ವಂದೇ ಮಾತರಂ’ನ ಇಷ್ಟು ಧಾಟಿಗಳು ಇವತ್ತಿಗೂ ನಮ್ಮ ಕಿವಿಗೆ ಸಿಗುತ್ತಿರುವುದು, ಒಂದನ್ನು ಆರಿಸಿದಾಗ ಉಳಿದವನ್ನು ಯಾರೂ ಸುಟ್ಟುಹಾಕದ್ದರಿಂದ.

ಕೊನೆಯದಾಗಿ ಈ ಸಭೆಯಲ್ಲಿರುವವರಲ್ಲಿ ಎರಡು ಕೋರಿಕೆ. ಮುಂದಿನ ರಾಜ್ಯೋತ್ಸವಕ್ಕೆ ನಾಡಗೀತೆಯನ್ನು ಧ್ವನಿವರ್ಧಕದ ಮುದ್ರಿಕೆಯಿಂದ ಕೇಳಿಸಬೇಡಿ. ಒಂದು ತಿಂಗಳು ಮೊದಲೇ ಇಲ್ಲೇ ಸೇರಿ ಕಲಿತು, ಎಲ್ಲರೂ ಬಾಯಿಬಿಟ್ಟು ಹಾಡಿ. ಬಂಗಾಳಿ ನೆರೆಯವರನ್ನೂ ಕರೆಯಿರಿ. ಅವರು ‘ಆನಂದಲೋಕೇ’ ಹಾಡಲಿ, ನೀವು ದನಿಗೂಡಿಸಿ. ಎರಡನೆಯದು ಇನ್ನೂ ತುರ್ತಿನದು. ನಿಮ್ಮ ಮನೆಗಳಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ, ಶಾಲೆಯಲ್ಲೋ ಪ್ರಭಾತಫೇರಿಯಲ್ಲೋ ಅವರು ಕಲಿತ ‘ವಂದೇ ಮಾತರಂ’ ಯಾವ ಧಾಟಿಯದು ಎಂದು ಕೇಳಿ. ಹಾಡಿಸಿ, ಮೊಬೈಲಿನಲ್ಲಿ ಮುದ್ರಿಸಿ, ಊರು ಮತ್ತು ವರ್ಷ ಬರೆದಿಡಿ. ದನಿ ನಡುಗಿದರೂ ಚಿಂತೆಯಿಲ್ಲ. ಪುಸ್ತಕ ಸೇರದ ಧಾಟಿಗಳು ಇನ್ನೂ ಅವರ ಕಂಠದಲ್ಲಿವೆ. ಈ ವಾರವೇ ಆ ಕೆಲಸಕ್ಕೆ ಕೂರಿ.